ಗಂಡಿ, ದಿಡ್ಡಿ, ಮೆಟ್ಟಿಲು: ಹಂಪಿ ಸೀಮೆಯ ಯುದ್ಧಕಾಲದ ಬೆಟ್ಟದಾರಿಗಳು

ಮರಿಯಮ್ಮನಹಳ್ಳಿಯಿಂದ ಹೊಸಪೇಟೆಗೆ ಹೋಗುವ ಹೆದ್ದಾರಿ ತುಂಗಭದ್ರಾ ಜಲಾಶಯದ ಹತ್ತಿರ ಒಂದು ಸುರಂಗ ಹೊಕ್ಕು ಹೊರಬೀಳುತ್ತದೆ. ಈ ಸೀಮೆಯಲ್ಲಿ ಬೆಟ್ಟ ಕೊರೆದು ಮಾಡಿದ ದಾರಿಗೆ ಗುರುತು ಕೇಳಿದರೆ ಇಂಥ ಈಚಿನದನ್ನೇ ತೋರಿಸಬೇಕಾದೀತು. ಆದರೆ ಹಂಪಿ, ಆನೆಗೊಂದಿ, ಕಂಪ್ಲಿ, ಸಂಡೂರಿನ ಹಿರಿಯರ ಬಾಯಲ್ಲಿ ಸುರಂಗಗಳಿಗೆ ಬರವಿಲ್ಲ. ರಾಜರು ಅವುಗಳಲ್ಲೇ ಪಾರಾಗುತ್ತಿದ್ದರಂತೆ. ಈ ಮಾತನ್ನು ಕಟ್ಟುಕಥೆಯೆಂದು ತಳ್ಳುವ ಮೊದಲು, ಜನ ಯಾವುದನ್ನು ಸುರಂಗ ಎನ್ನುತ್ತಾರೆಂದು ನೋಡಬೇಕು.

ಕಂಪ್ಲಿ ಸೀಮೆಯ ಅರಸ ಕಂಪಿಲರಾಯನಿಂದ ಶುರುಮಾಡಬಹುದು. ಮುಹಮ್ಮದ್ ಬಿನ್ ತುಘಲಕನ ಮೇಲೆ ಬಂಡೆದ್ದ ಬಹಾಉದ್ದೀನ್ ಗುರ್ಶಾಸ್ಪನಿಗೆ ಆತ ಆಶ್ರಯ ಕೊಟ್ಟ. 1327ರ ಹೊತ್ತಿಗೆ ದೆಹಲಿಯ ಸೈನ್ಯ ಬಂದು ಮುತ್ತಿತು. ಇಬ್ನ್ ಬತೂತನ ಪ್ರಕಾರ ರಾಯನ ನೆಲೆ ದುರ್ಗಮ ಬೆಟ್ಟಗಳ ನಡುವೆ ಇತ್ತು. ದವಸ ಮುಗಿಯುತ್ತ ಬಂದಾಗ ಅತಿಥಿಯನ್ನು ಇನ್ನೊಬ್ಬ ಅರಸನಲ್ಲಿಗೆ ಕಳಿಸಿ, ರಾಯ ತಾನು ಕಾದಿ ಮಡಿದ. ಮುತ್ತಿಗೆಯ ನಡುವೆ ಒಬ್ಬ ಮನುಷ್ಯನನ್ನು ಹೊರಗೆ ಸಾಗಿಸಿದ್ದು ಹೇಗೆ? ರಾಯನ ಕೋಟೆ ಕುಮ್ಮಟದುರ್ಗದ ಬಂಡೆಗಳಲ್ಲಿ ಅಡ್ಡಾಡಿದವರಿಗೆ ಇದು ದೊಡ್ಡ ಒಗಟಲ್ಲ.

ಇಲ್ಲಿನ ಗ್ರಾನೈಟ್ ಸೀಳುಸೀಳಾಗಿ ಒಡೆದು, ಮಳೆಗಾಳಿಗೆ ಸವೆದು, ಒಂದರ ಮೇಲೊಂದು ಒರಗಿ ನಿಂತ ಗುಂಡುಗಳಾಗಿದೆ. ಎರಡು ಗುಂಡುಗಳ ನಡುವೆ ಉಳಿದ ಸಂದೇ ಗಂಡಿ. ಮೇಲೆ ಮೂರನೆಯದು ಕವುಚಿಬಿದ್ದರೆ ಅದು ನಡೆದಾಡುವ ಗವಿ. ಹಂಪಿಯ ಮಾತಂಗ ಪರ್ವತ ಹತ್ತುವಾಗ ಇದು ಕೈಗೇ ಸಿಗುತ್ತದೆ: ಕೆಲವೆಡೆ ಚಪ್ಪಡಿ ಹಾಸಿದ ಮೆಟ್ಟಿಲು, ಕೆಲವೆಡೆ ಬಂಡೆಯಲ್ಲೇ ಕಡಿದದ್ದು, ನಡುವೆ ಭುಜ ಓರೆಮಾಡಿ, ತಲೆ ತಗ್ಗಿಸಿ ದಾಟಬೇಕಾದ ಜಾಗ. ಅಂಗೈಗೆ ತರಿತರಿ ಕಲ್ಲು, ಹೊರಗಿನ ಬಿಸಿಲಿಗಿಂತ ಎಷ್ಟೋ ತಂಪು. ಇಂಥ ದಾರಿಯಲ್ಲಿ ಒಬ್ಬೊಬ್ಬರೇ ಸಾಗಬೇಕು. ತುದಿಯಲ್ಲಿ ಇಬ್ಬರು ಕಾವಲುಗಾರರಿದ್ದರೆ ದಂಡು ನಿಂತಲ್ಲೇ ನಿಂತಿತು. ಚಿತ್ರದುರ್ಗದ ಓಬವ್ವನ ಕಥೆಯ ಜೀವ ಇರುವುದೂ ಈ ಲೆಕ್ಕದಲ್ಲೇ.

ಸುರಂಗವೆಂದು ತೋರಿಸುವ ಉಳಿದ ಜಾಗಗಳು ಬೇಗ ಕರಗುತ್ತವೆ. ಹಂಪಿಯ ಅರಮನೆ ಆವರಣದಲ್ಲಿ ನೆಲದಡಿ ಇಳಿಯುವ ಕತ್ತಲ ಕೋಣೆ ಒಂದು ನೆಲಮಾಳಿಗೆ, ಅಷ್ಟೆ. ‘ನೆಲದೊಳಗಿನ ಗುಡಿ’ ಎನ್ನುವ ಪ್ರಸನ್ನ ವಿರೂಪಾಕ್ಷ ಮಣ್ಣು ತುಂಬಿ ಹೂತುಹೋಗಿ, ಅಗೆದ ಮೇಲೆ ಕಂಡದ್ದು.

ಕೋಟೆ ಕಟ್ಟಿದವರ ಬುದ್ಧಿ ದಾರಿ ಕೊರೆಯುವುದರಲ್ಲಿರಲಿಲ್ಲ, ದಾರಿ ಕೆಡಿಸುವುದರಲ್ಲಿತ್ತು. 1443ರಲ್ಲಿ ವಿಜಯನಗರಕ್ಕೆ ಬಂದ ಪರ್ಷಿಯದ ಅಬ್ದುರ್ ರಜಾಕ್ ಏಳು ಸುತ್ತಿನ ಕೋಟೆಯ ಜೊತೆಗೆ, ಹೊರಗೋಡೆಯ ಮುಂದೆ ಆಳುದ್ದದ ಕಲ್ಲುಗಳನ್ನು ಒತ್ತೊತ್ತಾಗಿ ಅರ್ಧ ಹೂತು ನಿಲ್ಲಿಸಿದ್ದನ್ನೂ ಬರೆದಿದ್ದಾನೆ. ಕುದುರೆಯಾಗಲಿ ಕಾಲಾಳಾಗಲಿ ಓಡಿ ನುಗ್ಗುವಂತಿಲ್ಲ. ಬಾಗಿಲುಗಳೂ ನೇರ ಬಿಡುವುದಿಲ್ಲ; ಭೀಮನ ಬಾಗಿಲಲ್ಲಿ ಹೊಕ್ಕವನು ಗೋಡೆಗೆ ಮುಖ ಕೊಟ್ಟು ಹೊರಳಬೇಕು. ಒಳಗಿನವರಿಗೆ ಮಾತ್ರ ದಿಡ್ಡಿ ಬಾಗಿಲುಗಳಿದ್ದವು.

ಹತ್ತುವವನ ಕಡೆಯ ಚರಿತ್ರೆ ಕಲ್ಲಿಗಿಂತ ಭಾಷೆಯಲ್ಲಿ ಹೆಚ್ಚು ಉಳಿದಿದೆ. ಇವತ್ತು ಅಂಗಡಿಗೂ ಟಿಕೆಟ್ ಕೌಂಟರಿಗೂ ಜನ ‘ಲಗ್ಗೆ’ ಇಡುತ್ತಾರೆ. ಹಿಂದೆ ಲಗ್ಗೆ ಹತ್ತುತ್ತಿದ್ದರು, ಅದೂ ಕೋಟೆಗೆ. ಅದಕ್ಕೆ ನೂಲೇಣಿ ಬೇಕಿತ್ತು. ಉಡದ ಸೊಂಟಕ್ಕೆ ಹಗ್ಗ ಕಟ್ಟಿ ಗೋಡೆಗೆ ಎಸೆದು ಹತ್ತುತ್ತಿದ್ದರೆಂಬ ಕಥೆಯನ್ನು ನಾನು ಪೂರ್ತಿ ನಂಬಲಾರೆ. ‘ಉಡದ ಪಟ್ಟು’ ಎಂಬ ಮಾತು ಮಾತ್ರ ಸಡಿಲಿಲ್ಲ.

ಯುದ್ಧಕಾಲದ ಬೆಟ್ಟದಾರಿಗಳಿಗೆ ಇಟಲಿಯ ಆಲ್ಪ್ಸ್ ಒಳ್ಳೆಯ ಹೋಲಿಕೆ. ಮೊದಲ ಮಹಾಯುದ್ಧದಲ್ಲಿ ಅಲ್ಲಿನ ಸೈನಿಕರು ಬಂಡೆಗೆ ಕಬ್ಬಿಣದ ಏಣಿ, ಹಗ್ಗ ಬಿಗಿದರು. ಪಸುಬಿಯೊ ಬೆಟ್ಟದಲ್ಲಿ 1917ರಲ್ಲಿ 52 ಸುರಂಗಗಳ ದಾರಿಯನ್ನೇ ಕೊರೆದರು. ಇಂದು ಚಾರಣಿಗರು ಅಲ್ಲಿ ನಡೆಯುತ್ತಾರೆ. ಕಬ್ಬಿಣ ಬಿಗಿದ ದಾರಿಗಳಿಗೆ ‘ವಿಯಾ ಫೆರಾಟಾ’ ಎಂದು ಹೆಸರು. ಅಲ್ಲಿ ಬೆಟ್ಟದೊಳಗೆ ಅಡಗುವಂತೆ ಮಾಡಿದ್ದು ಫಿರಂಗಿಯ ಗುಂಡು. ಕಂಪಿಲನ ಕಾಲಕ್ಕೆ ಆ ಭಯವಿರಲಿಲ್ಲ, ಮರೆಯಾಗಲು ಗಂಡಿಗಳೇ ಸಾಕಿದ್ದವು.

ಹಂಪಿಯ ಬಂಡೆಗೆ ಹೊಸ ಲಗ್ಗೆ ಬಂದದ್ದು ಬೋಲ್ಡರಿಂಗ್‌ನವರಿಂದ, ಅಂದರೆ ಬಂಡೆಗುಂಡು ಹತ್ತುವ ಆಟದವರಿಂದ. ಅಮೆರಿಕದ ಕ್ರಿಸ್ ಶರ್ಮಾ ಇಲ್ಲಿ ಹತ್ತಿದ್ದರ ಮೇಲೆ ‘ಪಿಲ್‌ಗ್ರಿಮೇಜ್’ ಎಂಬ ಚಿತ್ರ ಬಂದಮೇಲೆ ಹೊರದೇಶದವರು ಹೆಚ್ಚಿದರು. ಇವರಿಗೆ ಏಣಿಯಿಲ್ಲ, ಹಗ್ಗವಿಲ್ಲ. ಬಿದ್ದರೆ ಆಸರೆಗೆಂದು ಬೆನ್ನಿಗೆ ಹಾಸಿಗೆಯಂಥ ದಿಂಡು, ಸೊಂಟಕ್ಕೆ ಸುಣ್ಣದ ಪುಡಿಯಂಥ ಚಾಕಿನ ಚೀಲ. ವಿಜಯನಗರದ ಗೋಡೆಗಳು ಎಷ್ಟೋ ಕಡೆ ದೊಡ್ಡ ಬಂಡೆಯವರೆಗೆ ಬಂದು ನಿಂತು, ಅದರ ಆಚೆಯಿಂದ ಮತ್ತೆ ಶುರುವಾಗುತ್ತವೆ. ಹತ್ತಲಾಗದೆಂದು ಗೋಡೆಯನ್ನೇ ಕಟ್ಟದೆ ಬಿಟ್ಟದ್ದು ಅಂಥ ಬಂಡೆಗಳನ್ನು. ದಿಂಡು ಹೊತ್ತವರು ಹುಡುಕಿಕೊಂಡು ಬರುವುದೂ ಅಂಥವನ್ನೇ.