ವ್ಯಕ್ತಿನಾಮಗಳು: ಕರ್ನಾಟಕದ ಹಿಂದೂ–ಮುಸ್ಲಿಂ ರೂಢಿ

ಕರ್ನಾಟಕದಲ್ಲಿ ಒಬ್ಬರ ಸ್ವಂತ ಹೆಸರು ಸಾಮಾನ್ಯವಾಗಿ ಅವರ ಮತವನ್ನು ಹೇಳುತ್ತದೆ. ಪೂರ್ಣ ಹೆಸರಿನ ಕಟ್ಟು ಮಾತ್ರ ಅವರ ಸೀಮೆಯನ್ನು ಹೇಳುತ್ತದೆ. ಹಳೆ ಮೈಸೂರು ಕಡೆ ಊರು ಮೊದಲು, ಆಮೇಲೆ ತಂದೆ, ಕೊನೆಗೆ ತಾನು. ಕುಪ್ಪಳಿ ವೆಂಕಟಪ್ಪ ಪುಟ್ಟಪ್ಪ ಅವರು ಕೆ.ವಿ. ಪುಟ್ಟಪ್ಪ ಆದದ್ದು ಹೀಗೆ. ಕವಿ ಕೆ.ಎಸ್. ನಿಸಾರ್ ಅಹಮದ್ (1936–2020) ಅವರ ಇನಿಷಿಯಲ್ಲುಗಳೂ ಇದೇ ಅಚ್ಚಿನವು: ಕೊಕ್ಕರೆ ಹೊಸಹಳ್ಳಿ, ಶೇಖ್ ಹೈದರ್. ಕೊಡವರಲ್ಲಿ ಊರಿನ ಜಾಗದಲ್ಲಿ ಒಕ್ಕದ, ಅಂದರೆ ಮನೆತನದ, ಹೆಸರು ಬರುತ್ತದೆ. ಕೊಡಂದೇರ ಮಾದಪ್ಪ ಕಾರ್ಯಪ್ಪ ಎಂಬಲ್ಲಿ ‘ಕೊಡಂದೇರ’ ಒಕ್ಕದ್ದು.

ಉತ್ತರ ಕರ್ನಾಟಕದಲ್ಲಿ ಕ್ರಮ ತಿರುಗುಮುರುಗು. ತಾನು, ತಂದೆ, ಕೊನೆಗೆ ಅಡ್ಡಹೆಸರು: ದತ್ತಾತ್ರೇಯ ರಾಮಚಂದ್ರ ಬೇಂದ್ರೆ, ಮಲ್ಲೇಶಪ್ಪ ಮಡಿವಾಳಪ್ಪ ಕಲಬುರ್ಗಿ. ಅಡ್ಡಹೆಸರು ಊರಿನಿಂದ ಬರಬಹುದು, ಕುಲಕರ್ಣಿ, ದೇಸಾಯಿಯಂತೆ ಹುದ್ದೆಯಿಂದ ಬರಬಹುದು. ಅಂಗಡಿ, ಉಳ್ಳಾಗಡ್ಡಿ, ಮೆಣಸಿನಕಾಯಿ ಎಂದೂ ಇರಬಹುದು. ಅದೇ ಸೀಮೆಯ ಮುಸ್ಲಿಮರಲ್ಲಿ ಹತ್ತಿ ಹಿಂಜುವವರು ನದಾಫ, ಅತ್ತರು ಮಾರುವವರು ಅತ್ತಾರ, ಹಣ್ಣಿನ ವ್ಯಾಪಾರದವರು ಬಾಗವಾನ, ದರ್ಗಾ ನೋಡಿಕೊಳ್ಳುವವರು ಮುಜಾವರ. ಪಾಟೀಲರು ಎರಡೂ ಕಡೆ ಇದ್ದಾರೆ. ಅಡ್ಡಹೆಸರೊಂದನ್ನೇ ಕೇಳಿ ಮತ ಊಹಿಸಲು ಹೋದರೆ ಇಲ್ಲಿ ಎಡವುವುದು ಖಂಡಿತ.

ಮುಸ್ಲಿಂ ಹೆಸರುಗಳಲ್ಲಿ ‘ಅಬ್ದುಲ್’ ಒಂಟಿಯಾಗಿ ನಿಲ್ಲದು. ಅದರ ಮುಂದೆ ದೇವರ ಗುಣನಾಮವೊಂದು ಬರಲೇಬೇಕು. ಅಬ್ದುಲ್ ರಹಮಾನ್, ಅಬ್ದುಲ್ ಕರೀಮ್ ಎಂಬವು ಶಿವದಾಸ, ಹರಿದಾಸಗಳ ಜಾತಿಯ ಹೆಸರುಗಳು. ಹೆಸರಿನ ಮೊದಲಿಗೆ ‘ಮಹಮದ್’ ಇದ್ದರೆ ಅದು ಬಹುಮಟ್ಟಿಗೆ ಗೌರವಕ್ಕೆ, ಮನೆಯವರು ಕೂಗುವುದು ಎರಡನೆಯದನ್ನು. ಹೆಂಗಸರ ಹೆಸರಿಗೆ ಬೀ, ಬಾನು, ಬೇಗಂ ಸೇರುತ್ತವೆ. ಸಾರಾ ಅಬೂಬಕ್ಕರ್, ಬಾನು ಮುಷ್ತಾಕ್ ಅವರ ಹೆಸರುಗಳ ಎರಡನೆಯ ಭಾಗ ಗಂಡನದು.

ಹಿಂದೂ ಮನೆಗಳಲ್ಲಿ ಹನ್ನೊಂದು ಅಥವಾ ಹನ್ನೆರಡನೆಯ ದಿನ ಮಗುವನ್ನು ತೊಟ್ಟಿಲಿಗೆ ಹಾಕಿ ಕಿವಿಯಲ್ಲಿ ಹೆಸರು ಹೇಳುವ ರೂಢಿಯಿದೆ. ಅನೇಕ ಕಡೆ ಆ ಹಕ್ಕು ಸೋದರತ್ತೆಯದು. ಜಾತಕ ನೋಡುವವರು 27 ನಕ್ಷತ್ರಗಳ 108 ಪಾದಗಳಿಗೆ ಒಂದೊಂದು ಅಕ್ಷರ ಹಿಡಿಯುತ್ತಾರೆ; ಅಶ್ವಿನಿಗೆ ಚು, ಚೆ, ಚೋ, ಲಾ. ಮುಸ್ಲಿಂ ಮಗುವಿನ ಬಲಗಿವಿಯಲ್ಲಿ ಮೊದಲು ಅಜಾನ್ ಹೇಳುತ್ತಾರೆ. ಏಳನೆಯ ದಿನ ಅಕೀಕಾ: ಕೂದಲು ತೆಗೆಸಿ, ಅದರ ತೂಕದಷ್ಟು ಬೆಳ್ಳಿಯ ಬೆಲೆಯನ್ನು ದಾನ ಮಾಡುವುದು ವಾಡಿಕೆ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ಆಸೆ ಎರಡೂ ಕಡೆ ಉಂಟು.

ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ದೃಷ್ಟಿ ತಾಗದಿರಲೆಂದು ತಿಪ್ಪಯ್ಯ, ಗುಂಡಪ್ಪ ಎಂದು ಕರೆದರು. ಹೆಣ್ಣುಮಕ್ಕಳು ಸಾಲಾಗಿ ಹುಟ್ಟಿದಾಗ ಕೊನೆಯವಳು ಸಾಕಮ್ಮಳಾದಳು, ಅವಳನ್ನು ಯಾರೂ ಕೇಳಲಿಲ್ಲ. ಮೊಹರಂ ದೇವರಿಗೋ ದರ್ಗಾಕ್ಕೋ ಹರಕೆ ಹೊತ್ತು ಪಡೆದ ಹಿಂದೂ ಮಕ್ಕಳು ಫಕೀರಪ್ಪ, ಹುಸೇನಪ್ಪ ಆದರು. ಇವುಗಳಲ್ಲಿ ಅರಬ್ಬಿ ಮೂಲದ ಪದಕ್ಕೆ ಕನ್ನಡದ ‘ಅಪ್ಪ’ ಅಂಟಿಕೊಂಡಿದೆ.

ಪಾಸ್‌ಪೋರ್ಟಿನ ಅರ್ಜಿ ಹೆಸರು ಮತ್ತು ಸರ್‌ನೇಮ್ ಎಂದು ಎರಡು ಖಾನೆ ಇಟ್ಟಿದೆ. ಅಡ್ಡಹೆಸರಿಲ್ಲದ ದಕ್ಷಿಣದವರು, ಹಿಂದೂಗಳಾಗಲಿ ಮುಸ್ಲಿಮರಾಗಲಿ, ಅಲ್ಲಿ ತಂದೆಯ ಹೆಸರನ್ನೋ ಊರನ್ನೋ ತುಂಬುತ್ತಾರೆ. ಇದ್ದ ಒಂದೇ ಹೆಸರನ್ನು ಸರ್‌ನೇಮಿನ ಖಾನೆಗೆ ಬರೆದು ಇನ್ನೊಂದನ್ನು ಖಾಲಿ ಬಿಟ್ಟವರ ಅಮೆರಿಕದ ವೀಸಾದಲ್ಲಿ ಸ್ವಂತ ಹೆಸರಿನ ಜಾಗಕ್ಕೆ ‘ಎಫ್‌ಎನ್‌ಯು’ (ಫಸ್ಟ್ ನೇಮ್ ಅನ್‌ನೋನ್, ಮೊದಲ ಹೆಸರು ಗೊತ್ತಿಲ್ಲ) ಎಂಬ ಮೂರಕ್ಷರ ಬೀಳುತ್ತದೆ.