2017ರ ಫಿಬಾ ಮಹಿಳಾ ಏಷ್ಯಾ ಕಪ್

2017ರ ಫಿಬಾ ಮಹಿಳಾ ಏಷ್ಯಾ ಕಪ್ ಕರ್ನಾಟಕದ ರಾಜಧಾನಿ ಬೆಂಗಳೂರಿನಲ್ಲಿ 2017ರ ಜುಲೈ 23ರಿಂದ 29ರವರೆಗೆ ನಡೆದ ಅಂತರರಾಷ್ಟ್ರೀಯ ಮಹಿಳಾ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿಯಾಗಿದೆ. ಇದು ಏಷ್ಯಾ ಮಟ್ಟದ ಮಹಿಳಾ ಬ್ಯಾಸ್ಕೆಟ್‌ಬಾಲ್ ಚಾಂಪಿಯನ್‌ಷಿಪ್‌ನ 27ನೆಯ ಆವೃತ್ತಿ. ‘ಎ’ ವಿಭಾಗದಲ್ಲಿ ಜಪಾನ್ ಪ್ರಶಸ್ತಿಯನ್ನು ಗೆದ್ದುಕೊಂಡಿತು. ‘ಬಿ’ ವಿಭಾಗದಲ್ಲಿ ಆತಿಥೇಯ ಭಾರತ ಪ್ರಥಮ ಸ್ಥಾನ ಪಡೆದು ‘ಎ’ ವಿಭಾಗಕ್ಕೆ ಬಡ್ತಿ ಹೊಂದಿತು. ಎರಡೂ ವಿಭಾಗಗಳ ಫೈನಲ್ ಪಂದ್ಯಗಳು ಎರಡು ಅಂಕ ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ನಿರ್ಧಾರವಾದವು.

ಹಿನ್ನೆಲೆ

ಏಷ್ಯಾದ ಮಹಿಳಾ ತಂಡಗಳ ಚಾಂಪಿಯನ್‌ಷಿಪ್ 1965ರಲ್ಲಿ ದಕ್ಷಿಣ ಕೊರಿಯಾದ ಸಿಯೋಲ್‌ನಲ್ಲಿ ಆರಂಭವಾಯಿತು. ಮೊದಲ ಹಲವು ದಶಕಗಳಲ್ಲಿ ದಕ್ಷಿಣ ಕೊರಿಯಾ ಮತ್ತು ಚೀನಾ ತಂಡಗಳದ್ದೇ ಪ್ರಾಬಲ್ಯವಿತ್ತು. 1970ರಲ್ಲಿ ಒಮ್ಮೆ ಗೆದ್ದಿದ್ದ ಜಪಾನ್, 2013 ಮತ್ತು 2015ರಲ್ಲಿ ಸತತವಾಗಿ ಜಯ ಗಳಿಸಿ ಈ ಪರಂಪರೆಯನ್ನು ಮುರಿಯಿತು. ಭಾರತವು ಇದಕ್ಕೆ ಮೊದಲು 2009ರಲ್ಲಿ ಚೆನ್ನೈನಲ್ಲಿ ಪಂದ್ಯಾವಳಿಯ ಆತಿಥ್ಯ ವಹಿಸಿತ್ತು.

2017ರಲ್ಲಿ ಪಂದ್ಯಾವಳಿಗೆ ‘ಏಷ್ಯಾ ಕಪ್’ ಎಂಬ ಹೆಸರು ಬಂದಿತು. ಅದುವರೆಗೆ ಪ್ರತ್ಯೇಕವಾಗಿ ಆಡುತ್ತಿದ್ದ ಓಷಿಯಾನಿಯಾ ವಲಯದ ತಂಡಗಳನ್ನೂ ಅದೇ ವರ್ಷ ಇದರಲ್ಲಿ ಸೇರಿಸಲಾಯಿತು. ಹೀಗಾಗಿ ವಿಶ್ವ ಮಟ್ಟದ ಬಲಿಷ್ಠ ತಂಡಗಳಲ್ಲಿ ಒಂದಾದ ಆಸ್ಟ್ರೇಲಿಯಾ ಮತ್ತು ಅದರ ನೆರೆಯ ನ್ಯೂಜಿಲೆಂಡ್ ಮೊದಲ ಬಾರಿಗೆ ಏಷ್ಯಾದ ತಂಡಗಳೊಂದಿಗೆ ಒಂದೇ ಪ್ರಶಸ್ತಿಗಾಗಿ ಸ್ಪರ್ಧಿಸಿದವು.

ಪಂದ್ಯಾವಳಿಯ ಸ್ವರೂಪ

ತಂಡಗಳನ್ನು ‘ಎ’ ಮತ್ತು ‘ಬಿ’ ಎಂಬ ಎರಡು ವಿಭಾಗಗಳಾಗಿ ವಿಂಗಡಿಸಲಾಗಿತ್ತು. ‘ಎ’ ವಿಭಾಗದಲ್ಲಿ ಜಪಾನ್, ಚೀನಾ, ದಕ್ಷಿಣ ಕೊರಿಯಾ, ಚೈನೀಸ್ ತೈಪೆ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಫಿಲಿಪೀನ್ಸ್ ಮತ್ತು ಉತ್ತರ ಕೊರಿಯಾ ಎಂಬ 8 ತಂಡಗಳಿದ್ದವು. ‘ಬಿ’ ವಿಭಾಗದಲ್ಲಿ ಭಾರತ, ಕಜಕಸ್ತಾನ, ಲೆಬನಾನ್, ಉಜ್ಬೇಕಿಸ್ತಾನ, ಫಿಜಿ ಮೊದಲಾದ ತಂಡಗಳು ಆಡಿದವು.

ಏಷ್ಯಾದ ಪ್ರಶಸ್ತಿಗೆ ಮತ್ತು ವಿಶ್ವಕಪ್ ಅರ್ಹತೆಗೆ ಪೈಪೋಟಿ ನಡೆಸುವ ಅವಕಾಶ ‘ಎ’ ವಿಭಾಗದ ತಂಡಗಳಿಗೆ ಮಾತ್ರ ಇತ್ತು. ಆ ವಿಭಾಗದ ಮೊದಲ ನಾಲ್ಕು ತಂಡಗಳು 2018ರಲ್ಲಿ ಸ್ಪೇನಿನ ಟೆನೆರಿಫ್ ದ್ವೀಪದಲ್ಲಿ ನಡೆಯಲಿದ್ದ ಮಹಿಳಾ ವಿಶ್ವಕಪ್‌ಗೆ ಅರ್ಹತೆ ಪಡೆಯುತ್ತಿದ್ದವು. ಕೊನೆಯ ಸ್ಥಾನದ ತಂಡ ಕೆಳಗಿನ ವಿಭಾಗಕ್ಕೆ ಇಳಿಯಬೇಕಿತ್ತು. ಅದರ ಜಾಗಕ್ಕೆ ‘ಬಿ’ ವಿಭಾಗದ ವಿಜೇತ ತಂಡವೊಂದೇ ಏರಬಹುದಾಗಿತ್ತು. ಆದ್ದರಿಂದ ‘ಬಿ’ ವಿಭಾಗದಲ್ಲಿ ಎರಡನೆಯ ಸ್ಥಾನ ಪಡೆದ ತಂಡಕ್ಕೆ ಬಡ್ತಿಯ ಅವಕಾಶವಿರಲಿಲ್ಲ.

‘ಎ’ ವಿಭಾಗ

ಫೈನಲ್ ಪಂದ್ಯ ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಡೆಯಿತು. ಇದರಲ್ಲಿ ಜಪಾನ್ 74–73 ಅಂಕಗಳಿಂದ ಆಸ್ಟ್ರೇಲಿಯಾವನ್ನು ಸೋಲಿಸಿ, ಸತತ ಮೂರನೆಯ ಹಾಗೂ ಒಟ್ಟಾರೆ ನಾಲ್ಕನೆಯ ಬಾರಿಗೆ ಪ್ರಶಸ್ತಿ ಗಳಿಸಿತು. ಚೀನಾ ಮೂರನೆಯ ಮತ್ತು ದಕ್ಷಿಣ ಕೊರಿಯಾ ನಾಲ್ಕನೆಯ ಸ್ಥಾನ ಪಡೆದವು. ಈ ನಾಲ್ಕೂ ತಂಡಗಳು ವಿಶ್ವಕಪ್‌ಗೆ ಅರ್ಹತೆ ಗಳಿಸಿದವು. ಆಸ್ಟ್ರೇಲಿಯಾದ ಕೆಲ್ಸಿ ಗ್ರಿಫಿನ್ ಪಂದ್ಯಾವಳಿಯ ಅತ್ಯಂತ ಮೌಲ್ಯಯುತ ಆಟಗಾರ್ತಿಯಾಗಿ ಆಯ್ಕೆಯಾದರು. ಉತ್ತರ ಕೊರಿಯಾ ‘ಬಿ’ ವಿಭಾಗಕ್ಕೆ ಹಿಂಬಡ್ತಿ ಪಡೆಯಿತು.

‘ಬಿ’ ವಿಭಾಗ ಮತ್ತು ಭಾರತ

ಭಾರತ ತಂಡ 2013ರಲ್ಲಿ ಬ್ಯಾಂಕಾಕ್‌ನಲ್ಲಿ 5ನೆಯ ಸ್ಥಾನ ಗಳಿಸಿತ್ತು. ಆದರೆ 2015ರಲ್ಲಿ ಚೀನಾದ ವುಹಾನ್‌ನಲ್ಲಿ ಮೇಲಿನ ವಿಭಾಗದ ಎಲ್ಲ ಲೀಗ್ ಪಂದ್ಯಗಳನ್ನು ಸೋತ ತಂಡ, ಸ್ಥಾನ ಉಳಿಸಿಕೊಳ್ಳಲು ಆಡಿದ ಪಂದ್ಯದಲ್ಲಿಯೂ ಫಿಲಿಪೀನ್ಸ್‌ಗೆ ಮಣಿದು ಕೆಳಗಿಳಿಯಿತು. ಕಳೆದುಕೊಂಡ ಈ ಸ್ಥಾನವನ್ನು ಮರಳಿ ಪಡೆಯುವುದು ಬೆಂಗಳೂರಿನಲ್ಲಿ ತಂಡದ ಮುಂದಿದ್ದ ಗುರಿಯಾಗಿತ್ತು. ಸರ್ಬಿಯಾದ ಝೋರಾನ್ ವಿಸಿಕ್ ತರಬೇತುದಾರರಾಗಿದ್ದರು. ಮುಂದೆ 2021ರಲ್ಲಿ ಪದ್ಮಶ್ರೀ ಪುರಸ್ಕಾರಕ್ಕೆ ಪಾತ್ರರಾದ ತಮಿಳುನಾಡಿನ ಅನಿತಾ ಪಾಲ್‌ದುರೈ ತಂಡದ ಹಿರಿಯ ಆಟಗಾರ್ತಿಯಾಗಿದ್ದರು.

ಫೈನಲ್‌ನಲ್ಲಿ ಭಾರತ 75–73 ಅಂಕಗಳಿಂದ ಕಜಕಸ್ತಾನವನ್ನು ಸೋಲಿಸಿತು. ಬ್ಯಾಸ್ಕೆಟ್‌ಬಾಲ್‌ನಲ್ಲಿ ಸಾಮಾನ್ಯವಾದ ಒಂದು ಗೋಲು ಎರಡು ಅಂಕಗಳಿಗೆ ಸಮ. ಅಂದರೆ 10 ನಿಮಿಷಗಳ ನಾಲ್ಕು ಅವಧಿಗಳ ಆಟದ ಕೊನೆಗೆ ಉಭಯ ತಂಡಗಳ ನಡುವೆ ಉಳಿದದ್ದು ಒಂದೇ ಗೋಲಿನ ಅಂತರ.

ನಂತರದ ಬೆಳವಣಿಗೆಗಳು

2018ರ ವಿಶ್ವಕಪ್‌ನಲ್ಲಿ ಆಸ್ಟ್ರೇಲಿಯಾ ಎರಡನೆಯ ಸ್ಥಾನ ಪಡೆಯಿತು. ಬೆಂಗಳೂರಿನಲ್ಲಿ ಟಾಮ್ ಹೊವಾಸ್ ಅವರ ತರಬೇತಿಯಲ್ಲಿ ಗೆದ್ದ ಜಪಾನ್, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿಯ ಪದಕ ಗಳಿಸಿತು.

2017ರ ಅಕ್ಟೋಬರ್‌ನಲ್ಲಿ 16 ವರ್ಷದೊಳಗಿನ ಬಾಲಕಿಯರ ಏಷ್ಯನ್ ಚಾಂಪಿಯನ್‌ಷಿಪ್ ಹಾಗೂ 2018ರಲ್ಲಿ 18 ವರ್ಷದೊಳಗಿನವರ ಚಾಂಪಿಯನ್‌ಷಿಪ್ ಬೆಂಗಳೂರಿನಲ್ಲಿಯೇ ಜರುಗಿದವು. 2019ರ ಸೆಪ್ಟೆಂಬರ್ 24ರಿಂದ 29ರವರೆಗೆ ಮಹಿಳಾ ಏಷ್ಯಾ ಕಪ್‌ನ ಮುಂದಿನ ಆವೃತ್ತಿಗೂ ಇದೇ ನಗರ ಆತಿಥ್ಯ ವಹಿಸಿತು. ಆ ಫೈನಲ್‌ನಲ್ಲಿ ಜಪಾನ್ 71–68 ಅಂಕಗಳಿಂದ ಚೀನಾವನ್ನು ಸೋಲಿಸಿತು. ‘ಎ’ ವಿಭಾಗಕ್ಕೆ ಮರಳಿದ್ದ ಭಾರತ 8ನೆಯ ಸ್ಥಾನಕ್ಕೆ ತೃಪ್ತಿಪಟ್ಟಿತು. 2021ರಲ್ಲಿ ಜೋರ್ಡಾನ್‌ನ ಅಮ್ಮಾನ್‌ನಲ್ಲಿಯೂ ಕೊನೆಯ ಸ್ಥಾನ ಪಡೆದ ಭಾರತ, ಮತ್ತೆ ‘ಬಿ’ ವಿಭಾಗಕ್ಕೆ ಇಳಿಯಿತು.