ಲೆಕ್ಕ ಬರೋಕೆ ಮುಂಚೆ ರಿಟೈರ್ ಆದ ಡಾಕ್ಟರು

ಗುರುವಾರ ಬಂತು ಅಂದ್ರೆ ನಮ್ಮ ನ್ಯೂಸ್‌ರೂಮಿನಲ್ಲಿ ಯಾರ ಮುಖವೂ ಸರಿ ಇರೋದಿಲ್ಲ. ರೇಟಿಂಗ್ ಬರುವ ದಿನ. ಹೋದ ವಾರ ಕತ್ತೆ ಥರ ದುಡಿದೆವೋ, ಸುಮ್ಮನೆ ಕೂಗಾಡಿದೆವೋ, ಒಂದು ಅಂಕಿ ತೀರ್ಪು ಕೊಟ್ಟುಬಿಡುತ್ತೆ.

ವಿಜ್ಞಾನಿಗಳಿಗೂ ಇಂಥದ್ದೊಂದು ರೇಟಿಂಗ್ ಇದೆ, ಗೊತ್ತಾ? ಸೈಟೇಷನ್ ಅಂತಾರೆ. ಒಬ್ಬರ ಸಂಶೋಧನಾ ಪ್ರಬಂಧವನ್ನು ಬೇರೆಯವರು ತಮ್ಮ ಪ್ರಬಂಧಗಳಲ್ಲಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಅನ್ನೋ ಲೆಕ್ಕ. ಅಮೆರಿಕದ ಯೂಜೀನ್ ಗಾರ್‌ಫೀಲ್ಡ್ 1955ರಲ್ಲಿ ಈ ಯೋಚನೆ ಮುಂದಿಟ್ಟರು, 1960ರ ದಶಕದಲ್ಲಿ ಸೈನ್ಸ್ ಸೈಟೇಷನ್ ಇಂಡೆಕ್ಸ್ ಹೊರತಂದರು. ಇವತ್ತು ಕೆಲಸ, ಬಡ್ತಿ, ಅನುದಾನ ಎಲ್ಲದರಲ್ಲೂ ಇದೇ ಲೆಕ್ಕ.

ಈ ಲೆಕ್ಕದ ಮುಂದೆ ಕಲ್ಕತ್ತಾದ ಒಬ್ಬ ಡಾಕ್ಟರನ್ನು ನಿಲ್ಲಿಸಿ ನೋಡೋಣ. ಶಂಭುನಾಥ್ ಡೇ. 1915ರಲ್ಲಿ ಹೂಗ್ಲಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಹುಟ್ಟಿದವರು. ಲಂಡನ್ನಿನಲ್ಲಿ ಪಿಎಚ್‌ಡಿ ಮುಗಿಸಿ, ಅಲ್ಲೇ ಉಳಿಯದೆ ವಾಪಸ್ ಬಂದು, ಕಲ್ಕತ್ತಾದ ಮೆಡಿಕಲ್ ಕಾಲೇಜುಗಳಲ್ಲಿ ಪಾಠ ಮಾಡುತ್ತಾ ಸಂಶೋಧನೆ ಮಾಡಿದರು. ವಿಷಯ ಕಾಲರಾ, ಅಂದ್ರೆ ನಮ್ಮ ಹಳ್ಳಿಗಳನ್ನೇ ಖಾಲಿ ಮಾಡಿಸುತ್ತಿದ್ದ ವಾಂತಿಭೇದಿ.

1884ರಲ್ಲಿ ರಾಬರ್ಟ್ ಕಾಖ್ ಇದೇ ಕಲ್ಕತ್ತಾದಲ್ಲಿ ಕಾಲರಾದ ಸೂಕ್ಷ್ಮಾಣುವನ್ನು ಗುರುತಿಸಿದ್ದರು. ಅದು ವಿಷ ಬಿಡುತ್ತಿರಬೇಕು ಅನ್ನೋ ಊಹೆಯೂ ಅವರದ್ದೇ. ಆದರೆ ಎಪ್ಪತ್ತು ವರ್ಷವಾದರೂ ಅದನ್ನು ಸಾಬೀತು ಮಾಡಲು ಆಗಿರಲಿಲ್ಲ. ಯಾಕಂದ್ರೆ ಪ್ರಯೋಗದ ಪ್ರಾಣಿಗಳಿಗೆ ಮನುಷ್ಯರ ಹಾಗೆ ಭೇದಿಯೇ ಆಗುತ್ತಿರಲಿಲ್ಲ.

ಡೇ ಮಾಡಿದ್ದು ಕೇಳಿದರೆ, ಇಷ್ಟೇನಾ ಅನಿಸುತ್ತೆ. ಮೊಲದ ಸಣ್ಣ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಕಟ್ಟಿದರು. ನಡುವಿನ ಚೀಲಕ್ಕೆ ಕಾಲರಾ ಸೂಕ್ಷ್ಮಾಣು ಚುಚ್ಚಿದರು. ಮರುದಿನ ನೋಡಿದರೆ ಆ ಚೀಲ ನೀರು ತುಂಬಿ ಬಲೂನಿನ ಹಾಗೆ ಉಬ್ಬಿತ್ತು. ಸೂಕ್ಷ್ಮಾಣು ಹಾಕದ ತುಂಡು ಚಪ್ಪಟೆಯಾಗೇ ಇತ್ತು. ದಾರ, ಸೂಜಿ, ಮೊಲ! ಇದು 1953ರ ಪ್ರಬಂಧ. 1956ರಲ್ಲಿ ಇದೇ ವಿಧಾನದಿಂದ, ಭೇದಿ ತರಿಸುವ ಈ-ಕೋಲಿ ಸೂಕ್ಷ್ಮಾಣುವನ್ನೂ ಪರೀಕ್ಷಿಸಿದರು.

ಆಮೇಲೆ 1959ರ ಮೇ. ಸೂಕ್ಷ್ಮಾಣು ಬೆಳೆದ ದ್ರವವನ್ನು ಸೋಸಿ, ಒಂದೂ ಸೂಕ್ಷ್ಮಾಣು ಇಲ್ಲದ ಹಾಗೆ ಮಾಡಿ, ಬರೀ ಆ ದ್ರವವನ್ನು ಕರುಳಿಗೆ ಹಾಕಿದರು. ಆಗಲೂ ಉಬ್ಬಿತು! ಅಂದ್ರೆ ನೀರು ಹರಿಸುತ್ತಿರೋದು ಸೂಕ್ಷ್ಮಾಣು ಹೊರಗೆ ಉಗುಳುವ ವಿಷ. 'ನೇಚರ್' ಪತ್ರಿಕೆಯಲ್ಲಿ ಎರಡು ಪುಟದ ಬರಹ, ಲೇಖಕರು ಒಬ್ಬರೇ. (ಅದೇ ವರ್ಷ ಬಾಂಬೆಯ ಹಾಫ್‌ಕಿನ್ ಇನ್‌ಸ್ಟಿಟ್ಯೂಟಿನ ಎನ್.ಕೆ. ದತ್ತಾ ತಂಡವೂ ಮೊಲದ ಮರಿಗಳ ಮೇಲೆ ಪ್ರಯೋಗ ಮಾಡಿ ಈ ವಿಷದ ಬಗ್ಗೆ ಬರೆದಿತ್ತು. ಅವರನ್ನು ಬಿಟ್ಟು ಕಥೆ ಹೇಳಿದರೆ ಅನ್ಯಾಯವಾಗುತ್ತೆ.)

ಆಮೇಲೆ ಏನಾಯ್ತು? ಹೆಚ್ಚೇನೂ ಆಗಲಿಲ್ಲ. ಆ ಎರಡು ಪುಟವನ್ನು ಜಗತ್ತು ಕೂಡಲೇ ಗಮನಿಸಲಿಲ್ಲ. 1969ರಲ್ಲಿ ಅಮೆರಿಕದ ಫಿಂಕಲ್‌ಸ್ಟೈನ್ ಮತ್ತು ಲೋಸ್ಪಲ್ಲುಟೊ ಆ ವಿಷವನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಆಮೇಲೆ ಕಾಲರಾ ವಿಷದ ಸಂಶೋಧನೆ ಪ್ರವಾಹದ ಹಾಗೆ ನುಗ್ಗಿತು. ಇವತ್ತು ಬಾಯಲ್ಲಿ ಕುಡಿಸುವ ಡ್ಯುಕೊರಾಲ್ ಲಸಿಕೆಯೊಳಗೆ ಆ ವಿಷದ್ದೇ ಒಂದು ನಿರಪಾಯ ಭಾಗ ಇದೆ. ಡೇ ಮಾತ್ರ 1973ರಲ್ಲಿ ನಿವೃತ್ತರಾದರು. ನಮ್ಮ ದೇಶದ ಯಾವ ವಿಜ್ಞಾನ ಅಕಾಡೆಮಿಯೂ ಅವರನ್ನು ಫೆಲೋ ಮಾಡಲಿಲ್ಲ. 1978ರಲ್ಲಿ ಕಾಲರಾ ಕುರಿತ ನೊಬೆಲ್ ವಿಚಾರ ಸಂಕಿರಣಕ್ಕೆ ಅವರಿಗೆ ಆಹ್ವಾನ ಬಂದಿದ್ದು ಸ್ವೀಡನ್ನಿನಿಂದ.

2005ರಲ್ಲಿ ಬಂದ ಎಚ್-ಇಂಡೆಕ್ಸ್ ಅನ್ನೋ ಅಳತೆಗೋಲು ಹಿಡಿದರೆ ಇನ್ನೂ ತಮಾಷೆ. ಇಪ್ಪತ್ತು ಪ್ರಬಂಧಗಳಿಗೆ ತಲಾ ಕನಿಷ್ಠ ಇಪ್ಪತ್ತು ಉಲ್ಲೇಖ ಇದ್ದರೆ ನಿಮ್ಮ ಅಂಕ 20. ಹಾಗಾದರೆ ಡೇ ಅವರ ಈ ಮೂರು ಪ್ರಬಂಧಗಳನ್ನು ಇಡೀ ಲೋಕವೇ ಉಲ್ಲೇಖಿಸಿದರೂ ಅವುಗಳಿಂದ ಸಿಗುವ ಅಂಕ ಎಷ್ಟು? ಮೂರೇ ಮೂರು! ಇಂಜಿನಿಯರಿಂಗ್ ಓದಿದವನು ನಾನು, ಕೂಡಿ ಕಳೆದು ನೋಡಿದೆ, ನಾಲ್ಕಾಗೋದಿಲ್ಲ ಸ್ವಾಮಿ.

ಹಾಗಂತ ಉಲ್ಲೇಖ ರಾಶಿ ಬಿದ್ದಿದ್ದೆಲ್ಲ ಮಹಾನ್ ಅಂತಲೂ ಅಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಉಲ್ಲೇಖವಾದ ಪ್ರಬಂಧ ಆಲಿವರ್ ಲೌರಿ 1951ರಲ್ಲಿ ಬರೆದದ್ದು, ಪ್ರೋಟೀನ್ ಅಳೆಯುವ ವಿಧಾನ. 3 ಲಕ್ಷಕ್ಕೂ ಹೆಚ್ಚು ಉಲ್ಲೇಖ. ಅದೇನು ಅಂಥಾ ಮಹಾ ಪ್ರಬಂಧವಲ್ಲ ಅಂತ ಲೌರಿಯವರೇ ಒಪ್ಪಿಕೊಂಡಿದ್ದರು. ನಾನು ಕೂಡ ಫೈನಲ್ ಇಯರ್ ಪ್ರಾಜೆಕ್ಟ್ ರಿಪೋರ್ಟಿನ ಕೊನೆಗೆ ಹಾಕಿದ ಉಲ್ಲೇಖಗಳನ್ನು ಸೀನಿಯರ್ ರಿಪೋರ್ಟಿನಿಂದ ಹಾಗೇ ಎತ್ತಿದ್ದೆ. ಒಂದನ್ನೂ ಓದಿರಲಿಲ್ಲ.

1985ರ ಏಪ್ರಿಲ್‌ನಲ್ಲಿ ಡೇ ತೀರಿಕೊಂಡರು. ಮರುವರ್ಷ ಕಾಲರಾ ಸಂಶೋಧನೆಯ ಉಲ್ಲೇಖಗಳ ನಕ್ಷೆ ಹಾಕಿ, ಈ ಮನುಷ್ಯನ ಜಾಗ ಇಲ್ಲಿದೆ ನೋಡಿ ಅಂತ ತೋರಿಸಿ ಲೇಖನ ಬರೆದವರು ಯಾರು ಗೊತ್ತಾ? ಲೆಕ್ಕದ ಯಂತ್ರ ಕಟ್ಟಿದ ಅದೇ ಗಾರ್‌ಫೀಲ್ಡ್! 1990ರಲ್ಲಿ ನಮ್ಮ ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆ ಡೇ ಅವರಿಗಾಗಿ ವಿಶೇಷ ಸಂಚಿಕೆ ತಂದಿತು. ಡೇ ಹೆಸರನ್ನು ತಾನು ಒಂದಲ್ಲ, ಹಲವು ಸಲ ನೊಬೆಲ್‌ಗೆ ಸೂಚಿಸಿದ್ದೆ ಅಂತ ನೊಬೆಲ್ ವಿಜೇತ ಜೋಶುವಾ ಲೆಡರ್‌ಬರ್ಗ್ ಅದರಲ್ಲಿ ಬರೆದರು. ಓದಲು ಡೇ ಇರಲಿಲ್ಲ.